ಒಂದೇ ಅಳತೆಯ ಎರಡು ಎಂಜಿನ್‌ಗಳು, ಎರಡು ಬಗೆಯ ಕಿಟ್‌ಗಳು

ಬ್ರಿಟನ್ನಿನ ಹಳೆಯ ರೈಲು ಎಂಜಿನ್ನುಗಳ ಪುಟ್ಟ ಮಾದರಿಗಳನ್ನು ಬಿಡಿಭಾಗಗಳಿಂದ ಕಟ್ಟುವ ಎರಡು ಕಿಟ್ಟುಗಳ ಪೆಟ್ಟಿಗೆಗಳನ್ನು ಒಂದೇ ದಿನ ಬಿಚ್ಚಿದೆ. ಮೊದಲನೆಯದರಲ್ಲಿ ನಿಕಲ್ ಸಿಲ್ವರ್ ಮತ್ತು ಹಿತ್ತಾಳೆಯ ತಗಡುಗಳು ನಡುನಡುವೆ ಕಾಗದವಿಟ್ಟು ಪುಸ್ತಕದ ಹಾಳೆಗಳಂತೆ ಜೋಡಿಸಲ್ಪಟ್ಟಿದ್ದವು. ಪ್ರತಿಯೊಂದು ಬಿಡಿಭಾಗದ ಪಕ್ಕದಲ್ಲೂ ತಗಡಿನ ಮೇಲೆಯೇ ಅದರ ಸಂಖ್ಯೆಯನ್ನು ಕೊರೆದಿದ್ದರು. ಎರಡನೆಯದರಲ್ಲಿ ಬೂದು ಬಣ್ಣದ ವೈಟ್ ಮೆಟಲ್ ಎರಕದ ತುಂಡುಗಳು ಒಂದರ ಮೇಲೊಂದು ಬಿದ್ದು, ಚಾಲಕ ನಿಲ್ಲುವ ಕ್ಯಾಬಿನ ಒಂದು ಪಕ್ಕ ಬಾಗಿ, ಮೆಟ್ಟಿಲೊಂದು ಮುರಿದು, ಎರಡು ಬಾರಿ ನಕಲು ಮಾಡಿದಂತಿದ್ದ ಒಂದೇ ಹಾಳೆಯ ಸೂಚನಾಪತ್ರದೊಡನೆ ಇದ್ದವು. ಮೊದಲನೆಯದು ಮಿಡ್‌ಲ್ಯಾಂಡ್ ರೈಲ್ವೆಯಲ್ಲಿ 1911ರಲ್ಲಿ ಹುಟ್ಟಿ, ಮುಂದೆ ಲಂಡನ್, ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆಯ ಕಾಲದಲ್ಲೂ ತಯಾರಾಗುತ್ತಲೇ ಹೋಗಿ ಒಟ್ಟು 772ರ ಸಂಖ್ಯೆ ಮುಟ್ಟಿದ 4ಎಫ್ ಸರಕು ಎಂಜಿನ್. ಎರಡನೆಯದು ಅದೇ ರೈಲ್ವೆಯ ಜಿಂಟಿ ಎಂದು ಎಲ್ಲರೂ ಕರೆಯುವ, 1924ರಿಂದ 1931ರವರೆಗೆ 422 ತಯಾರಾದ ನೀರಿನ ಟ್ಯಾಂಕನ್ನು ತನ್ನ ಮೈಮೇಲೆಯೇ ಹೊತ್ತ ಪುಟ್ಟ ಟ್ಯಾಂಕ್ ಎಂಜಿನ್. ಎರಡಕ್ಕೂ ಆರಾರು ಚಕ್ರ, ಆರೂ ಒಂದಕ್ಕೊಂದು ರಾಡ್‌ಗಳಿಂದ ಬೆಸೆದವು.

ಎರಡನ್ನೂ ಒಟ್ಟಿಗೆ ಕಟ್ಟಲು ಹೊರಟದ್ದಕ್ಕೆ ಒಂದು ಕಾರಣವಿತ್ತು. ಮಿಡ್‌ಲ್ಯಾಂಡ್‌ನವರು ಒಂದು ಅಳತೆಯನ್ನು ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. 4ಎಫ್ ಎಂಜಿನ್ನಿನ ಮೊದಲ ಮತ್ತು ನಡುವಿನ ಆ್ಯಕ್ಸಲ್‌ಗಳ ಅಂತರ 8 ಅಡಿ, ನಡುವಿನದಕ್ಕೂ ಹಿಂದಿನದಕ್ಕೂ 8 ಅಡಿ 6 ಇಂಚು, ಜಿಂಟಿಯಲ್ಲೂ ಅಷ್ಟೇ. ಒಂದು ಅಡಿಗೆ 4 ಮಿ.ಮೀ.ನಂತೆ, ಅಂದರೆ 1:76.2ರ ಪ್ರಮಾಣದಲ್ಲಿ, ಅವು 32 ಮತ್ತು 34 ಮಿ.ಮೀ. ಆಗುತ್ತವೆ. ಚಕ್ರದ ಗಾತ್ರ ಮಾತ್ರ ಬೇರೆ: 4ಎಫ್‌ಗೆ 5 ಅಡಿ 3 ಇಂಚಿನದು, ಮಾದರಿಯಲ್ಲಿ 21 ಮಿ.ಮೀ.; ಜಿಂಟಿಗೆ 4 ಅಡಿ 7 ಇಂಚಿನದು, ಮಾದರಿಯಲ್ಲಿ 18.3 ಮಿ.ಮೀ. ಹೀಗಾಗಿ ಒಳ್ಳೆಯ ಕಿಟ್ಟಿನ ರಾಡ್‌ಗಳು ಕೆಟ್ಟ ಕಿಟ್ಟಿಗೆ ಅಳತೆಗೋಲಾಗಬಲ್ಲವು ಎಂಬುದು ನನ್ನ ಲೆಕ್ಕಾಚಾರ. ನಾನು ಓಡಿಸುವುದು 16.5 ಮಿ.ಮೀ. ಅಗಲದ ಹಳಿಯ ಮೇಲೆ. ಮೂಲದ 4 ಅಡಿ ಎಂಟೂವರೆ ಇಂಚಿನ ಹಳಿ ಈ ಪ್ರಮಾಣದಲ್ಲಿ 18.83 ಮಿ.ಮೀ. ಆಗಬೇಕಿತ್ತು, ಆ ಕೊರತೆಯ ಬಗ್ಗೆ ವಾದ ಮಾಡುವವರು ಮಾಡಲಿ, ನಾನು ಅದರೊಡನೆ ರಾಜಿಯಾಗಿ ಬಹಳ ಕಾಲವಾಯಿತು.

ಸೋಲ್ಡರಿಂಗ್ ಐರನ್ನಿಗೆ ವಿದ್ಯುತ್ ಕೊಡುವ ಮೊದಲು ಅಳೆದೆ. ಚೌಕಟ್ಟಿನ ಎರಡು ರಂಧ್ರಗಳಲ್ಲಿ 3.175 ಮಿ.ಮೀ. ದಪ್ಪದ ಉಕ್ಕಿನ ಸರಳುಗಳನ್ನು ತೂರಿಸಿ, ಅವುಗಳ ಹೊರ ಅಂಚುಗಳ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಹಿಡಿದು, ಬಂದ ಅಂಕಿಯಿಂದ 3.175 ಕಳೆದರೆ ನಡುವಿನಿಂದ ನಡುವಿಗೆ ಇರುವ ಅಂತರ ಸಿಗುತ್ತದೆ. 4ಎಫ್‌ನ ಎಡಬದಿಯಲ್ಲಿ 32.02 ಮತ್ತು 34.00, ಬಲಬದಿಯಲ್ಲಿ 32.00 ಮತ್ತು 33.98, ರಾಡ್‌ಗಳೂ ಅದಕ್ಕೆ ತಾಳೆಯಾಗುತ್ತಿದ್ದವು. ಜಿಂಟಿಯ ಎಡಬದಿಯಲ್ಲಿ 32.06 ಮತ್ತು 33.96 ಬಂದಾಗ ಪರವಾಗಿಲ್ಲ ಎಂದುಕೊಂಡೆ. ಬಲಬದಿಯಲ್ಲಿ 31.74 ಮತ್ತು 34.22 ಬಂತು. ನಡುವಿನ ರಂಧ್ರ ಕೊರೆಯುವಾಗ ಡ್ರಿಲ್ ಜಾರಿ, ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಮುಂದಕ್ಕೆ ಹೋಗಿದೆ ಎಂಬುದು ಸ್ಪಷ್ಟ. ಕಿಟ್ಟಿನ ರಾಡ್‌ಗಳು ಎರಡೂ ಬದಿಗೆ ಹೊಂದದೆ 32.3 ಮತ್ತು 34.3ರಲ್ಲಿ ತಮ್ಮದೇ ಲೋಕದಲ್ಲಿದ್ದವು. ರಾಡ್‌ನ ರಂಧ್ರಕ್ಕೂ ಅದು ಕೂರುವ ಚಕ್ರದ ಮೊಳೆಯಾದ ಕ್ರ್ಯಾಂಕ್ ಪಿನ್ನಿಗೂ ನಡುವೆ ಬಿಡುವ ಸಡಿಲು ಸುಮಾರು 0.1 ಮಿ.ಮೀ.; ಅಷ್ಟರೊಳಗೆ ನುಂಗಿಕೊಳ್ಳಲಾಗದ ತಪ್ಪು ಪ್ರತಿ ಸುತ್ತಿಗೂ ಚಕ್ರವನ್ನು ಕಚ್ಚಿ ಹಿಡಿಯುತ್ತದೆ. ರಂಧ್ರವನ್ನು ದೊಡ್ಡದು ಮಾಡಿ ಸರಿಪಡಿಸಿ ಎಂದು ಸೂಚನಾಪತ್ರದಲ್ಲಿ ಬರೆದಿತ್ತು. ಹಾಗೆ ಮಾಡಿದರೆ ಎಂಜಿನ್ ಓಡುತ್ತದೆ, ಆದರೆ ಕುಂಟುತ್ತಾ ಓಡುತ್ತದೆ.

ಹಾಗಾಗಿ ಜಿಂಟಿಯ ಕೆಲಸ ಚೌಕಟ್ಟಿನಿಂದಲೇ ಆರಂಭವಾಯಿತು. ಹಿಂದಿನ ಆ್ಯಕ್ಸಲ್ಲಿಗೆ ಮೋಟಾರು ಜೋಡಿಸುವುದರಿಂದ ಅದನ್ನೇ ಆಧಾರವೆಂದು ಇಟ್ಟುಕೊಂಡು, ಉಳಿದ ನಾಲ್ಕು ರಂಧ್ರಗಳನ್ನು ರೀಮರ್‌ನಿಂದ ಮತ್ತು ಉರುಟು ಅರದಿಂದ ಸುಮಾರು 5 ಮಿ.ಮೀ.ಗೆ ಅಗಲಿಸಿದೆ. ಅವುಗಳಿಗೆ ಆ್ಯಕ್ಸಲ್ ತಿರುಗಲು ಕೊಳವೆಯಂತಿರುವ, ಕಾಲರ್ ಇರುವ ಹಿತ್ತಾಳೆಯ ಬುಶ್‌ಗಳನ್ನು ಸಡಿಲವಾಗಿ ಕೂರಿಸಿದೆ. ಆಮೇಲೆ ತುದಿಗಳನ್ನು ಸಣ್ಣದಾಗಿ ಕಡೆದ ಮೂರು ಉಕ್ಕಿನ ಸರಳುಗಳನ್ನು ಆ್ಯಕ್ಸಲ್‌ಗಳ ಜಾಗದಲ್ಲಿ ತೂರಿಸಿ, ಹೊರಗೆ ಚಾಚಿದ ತುದಿಗಳಿಗೆ ಎರಡೂ ಬದಿಯಲ್ಲಿ 4ಎಫ್‌ನ ರಾಡ್‌ಗಳನ್ನು ತೊಡಿಸಿದೆ. ಈಗ ಬುಶ್‌ಗಳು ಎಲ್ಲಿರಬೇಕೆಂದು ಹೇಳುವುದು ರಾಡ್‌ಗಳೇ ಹೊರತು ಚೌಕಟ್ಟಲ್ಲ. ಇಡೀ ಜೋಡಣೆಯನ್ನು ದಪ್ಪ ಗಾಜಿನ ಮೇಲಿಟ್ಟು, ಮೂರು ಸರಳುಗಳೂ ಒಂದೇ ಎತ್ತರದಲ್ಲಿವೆ ಎಂದು ಅಡಿಯಲ್ಲಿ ತಗಡಿನ ಚೂರುಗಳನ್ನು ಸರಿಸಿ ನೋಡಿಕೊಂಡು, ಒಂದೊಂದು ಬುಶ್ಶಿಗೂ ಮೊದಲು ಒಂದು ಚುಕ್ಕೆ ಸೋಲ್ಡರ್ ಮಾತ್ರ ಹಾಕಿದೆ. ಪೂರ್ತಿ ಬೆಸೆಯುವ ಮೊದಲು ಇನ್ನೊಂದು ಪರೀಕ್ಷೆ: ಮುಂದಿನ ಮತ್ತು ಹಿಂದಿನ ರಂಧ್ರಗಳಲ್ಲಿ 150 ಮಿ.ಮೀ. ಉದ್ದದ ಸರಳುಗಳನ್ನು ತೂರಿಸಿ, ಎಡ ತುದಿಗಳ ಅಂತರವನ್ನೂ ಬಲ ತುದಿಗಳ ಅಂತರವನ್ನೂ ಅಳೆದೆ. ಚೌಕಟ್ಟಿನೊಳಗೆ ಕಣ್ಣಿಗೆ ಕಾಣದ ಓರೆ ಅಷ್ಟು ದೂರದಲ್ಲಿ ಎದ್ದು ಕಾಣುತ್ತದೆ. 0.4 ಮಿ.ಮೀ. ವ್ಯತ್ಯಾಸ ಬಂತು, ಎರಡು ಚುಕ್ಕೆಗಳನ್ನು ಕರಗಿಸಿ, ಬುಶ್‌ಗಳನ್ನು ಸರಿಸಿ, ಮತ್ತೆ ಅಳೆದಾಗ 0.04ಕ್ಕೆ ಇಳಿಯಿತು. ಆಮೇಲೆಯೇ ಸೋಲ್ಡರನ್ನು ಸುತ್ತಲೂ ಹರಿಯಬಿಟ್ಟೆ. ಕಿಟ್ಟಿನ ರಾಡ್‌ಗಳನ್ನು ತ್ಯಾಜ್ಯದ ಡಬ್ಬಕ್ಕೆ ಹಾಕಿ, 32 ಮತ್ತು 34ರ ಅಳತೆಯ ಬಿಡಿ ರಾಡ್‌ಗಳ ಜೋಡಿಯೊಂದನ್ನು ತರಿಸಿಕೊಂಡೆ.

ಸೋಲ್ಡರಿನ ಬಗ್ಗೆ ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ಅನಾಹುತಕ್ಕೆ ಅದೇ ಕಾರಣ. ನನ್ನ ಮೇಜಿನ ಮೇಲೆ ಮೂರು ಬಗೆಯವು ಇರುತ್ತವೆ. ತವರ ಮತ್ತು ಸೀಸ ಬೆರೆತ, 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಸಾಮಾನ್ಯ ಸೋಲ್ಡರ್ ಚೌಕಟ್ಟಿಗೂ ಮುಖ್ಯ ಜೋಡಣೆಗಳಿಗೂ. 145 ಡಿಗ್ರಿಯದು ಈಗಾಗಲೇ ಬೆಸೆದ ಭಾಗದ ಪಕ್ಕದಲ್ಲೇ ಇನ್ನೊಂದನ್ನು, ಮೊದಲಿನದು ಬಿಡದಂತೆ, ಕೂರಿಸುವುದಕ್ಕೆ. 70 ಡಿಗ್ರಿಗೇ ಕರಗುವ, ಬಿಸ್ಮತ್ ಬೆರೆತ ಮೂರನೆಯದು ವೈಟ್ ಮೆಟಲ್ಲಿಗೆ. ವೈಟ್ ಮೆಟಲ್ ಎಂದರೆ ತವರ, ಸೀಸ, ಆಂಟಿಮನಿಗಳ ಮಿಶ್ರಣ. ಅದೂ ಒಂದು ರೀತಿಯಲ್ಲಿ ಸೋಲ್ಡರಿನ ದಾಯಾದಿಯೇ ಆದ್ದರಿಂದ ಐರನ್ ಸ್ವಲ್ಪ ಹೆಚ್ಚು ಬಿಸಿಯಾದರೂ ಬೆಸುಗೆಯ ಬದಲು ಬಿಡಿಭಾಗವೇ ಕರಗುತ್ತದೆ. 70 ಡಿಗ್ರಿಯ ಸೋಲ್ಡರ್ ಬರಿಯ ಹಿತ್ತಾಳೆಗೆ ಸರಿಯಾಗಿ ಅಂಟುವುದಿಲ್ಲ. ಹಿತ್ತಾಳೆಯ ಮುಖಕ್ಕೆ ಮೊದಲು ಬೇರೆ ಸೋಲ್ಡರಿನ ತೆಳು ಲೇಪ ಕೊಟ್ಟುಕೊಂಡರೆ ಮಾತ್ರ ಎರಡು ಲೋಹಗಳೂ ಒಂದಾಗುತ್ತವೆ. ಮೂರಕ್ಕೂ ನಾನು ಬಳಸುವ ಫ್ಲಕ್ಸ್, ಅಂದರೆ ಲೋಹದ ಮುಖವನ್ನು ಶುಚಿಮಾಡಿ ಸೋಲ್ಡರ್ ಹರಿಯುವಂತೆ ಮಾಡುವ ದ್ರವ, ಫಾಸ್ಫಾರಿಕ್ ಆಮ್ಲದ್ದು. ಅದರ ಹೊಗೆಯನ್ನು ಉಸಿರಾಡಬಾರದು, ಕೆಲಸ ನಿಲ್ಲಿಸುವ ಮೊದಲು ಎಲ್ಲವನ್ನೂ ನೀರಿನಲ್ಲಿ ತೊಳೆಯಬೇಕು. ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಉಕ್ಕಿನ ಸರಳುಗಳು ತುಕ್ಕು ಹಿಡಿದು, ಹಿತ್ತಾಳೆಯ ಮೇಲೆ ಹಸಿರು ಕಟ್ಟಿರುತ್ತದೆ.

ಜಿಂಟಿಯ ಮೇಲ್ಭಾಗಕ್ಕೆ ಬಂದಾಗ ಎರಕದ ದೋಷಗಳೆಲ್ಲ ಒಂದೊಂದಾಗಿ ಮುಖ ತೋರಿಸಿದವು. ವೈಟ್ ಮೆಟಲ್ಲನ್ನು ತಿರುಗುವ ರಬ್ಬರ್ ಅಚ್ಚುಗಳಿಗೆ ಸುರಿಯುತ್ತಾರೆ; ಅಚ್ಚು ಸವೆದಷ್ಟೂ ಅಂಚುಗಳಲ್ಲಿ ತೆಳುವಾದ ಹಾಳೆ ಹೊರಚೆಲ್ಲುತ್ತದೆ, ಮತ್ತು ಅಚ್ಚಿನ ಎರಡು ಹೋಳುಗಳು ಪಟ್ಟಾಗಿ ಕೂರದಿದ್ದರೆ ದುಂಡಗಿನ ಭಾಗಗಳ ನಡುವೆ ಮೆಟ್ಟಿಲಿನಂಥ ಒಂದು ಏರುತಗ್ಗು ಉಳಿಯುತ್ತದೆ. ಚಿಮಣಿಯಲ್ಲಿ ಅಂಥ ಏರುತಗ್ಗು ಕಾಲು ಮಿಲಿಮೀಟರಿನಷ್ಟಿತ್ತು. ಅದನ್ನು ಅರದಿಂದ ತಿದ್ದಿದರೆ ಚಿಮಣಿ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆಯೇ ಹೊರತು ದುಂಡಗಾಗುವುದಿಲ್ಲ. ಕಡೆದು ಮಾಡಿದ ಹಿತ್ತಾಳೆಯ ಚಿಮಣಿಯನ್ನು ಬದಲಿಗೆ ಇಟ್ಟೆ. ಕ್ಯಾಬಿನ ಪಕ್ಕದ ಗೋಡೆ 1.1 ಮಿ.ಮೀ. ದಪ್ಪವಿತ್ತು, ಈ ಪ್ರಮಾಣದಲ್ಲಿ 1 ಮಿ.ಮೀ. ಎಂದರೆ ಮೂಲದಲ್ಲಿ 3 ಇಂಚು, ಅಂದರೆ ಇದು ಸರಕು ಎಳೆಯುವ ಎಂಜಿನ್ನಲ್ಲ, ಯುದ್ಧನೌಕೆ. ಬಾಗಿಲಿನ ಅಂಚುಗಳನ್ನು ಮಾತ್ರ ಒಳಗಿನಿಂದ ಓರೆಯಾಗಿ ಉಜ್ಜಿ ತೆಳುವಾಗಿಸಿದೆ. ಹೊರಗಿನಿಂದ ನೋಡುವ ಕಣ್ಣಿಗೆ ಅಂಚೇ ಗೋಡೆಯ ದಪ್ಪವನ್ನು ಹೇಳುತ್ತದೆ. ವೈಟ್ ಮೆಟಲ್ಲಿಗೆ ಒರಟಾದ ಹಳೆಯ ಅರವೇ ಲೇಸು, ನಯವಾದ ಅರದ ಹಲ್ಲುಗಳಲ್ಲಿ ಲೋಹ ಸಿಕ್ಕಿಕೊಂಡು ಅದು ಜಾರುವ ಪಟ್ಟಿಯಾಗಿಬಿಡುತ್ತದೆ. ಬಾಯ್ಲರಿನ ಕೆಳಗೆ, ಹಿಂದಿನ ಕಾಲದ ದೊಡ್ಡ ಮೋಟಾರನ್ನು ಮರೆಮಾಡಲೆಂದು ಬಿಟ್ಟಿದ್ದ ಲೋಹದ ಗೋಡೆಯನ್ನು ಗರಗಸದಿಂದ ಕತ್ತರಿಸಿ ತೆಗೆದೆ. ಈಗಿನ ಸಣ್ಣ ಮೋಟಾರಿಗೆ ಆ ಮರೆ ಬೇಕಿಲ್ಲ, ಬಾಯ್ಲರಿನ ಅಡಿಯಲ್ಲಿ ಬೆಳಕು ಕಂಡರೆ ಎಂಜಿನ್ನಿಗೆ ಜೀವ ಬರುತ್ತದೆ.

ಆಮೇಲೆ ಅನಾಹುತ. ಚೌಕಟ್ಟಿನ ಕೆಲಸಕ್ಕೆಂದು 320 ಡಿಗ್ರಿಗೆ ಇಟ್ಟಿದ್ದ ಐರನ್ನನ್ನು 130ಕ್ಕೆ ಇಳಿಸುವುದನ್ನು ಮರೆತು, ಕ್ಯಾಬಿಗೆ ಹತ್ತುವ ಮೆಟ್ಟಿಲನ್ನು ಬೆಸೆಯಲು ಹೋದೆ. ತುದಿ ತಾಗಿದ ಕ್ಷಣ ಮೆಟ್ಟಿಲಿನ ಅಂಚು ಹೊಳೆಯಿತು, ಹೊಳಪು ಮೇಲಕ್ಕೆ ಹರಿಯಿತು, ಇಡೀ ಮೆಟ್ಟಿಲು ತನ್ನೊಳಗೆ ತಾನೇ ಸುರುಟಿಕೊಂಡು ಪಾದರಸದ ಹನಿಯಂತೆ ಉಂಡೆಯಾಗಿ ಐರನ್ನಿನ ತುದಿಯಲ್ಲಿ ನೇತಾಡಿತು. ಒಂದು ಸೆಕೆಂಡೂ ಆಗಿರಲಿಲ್ಲ. ಹೊಸ ಮೆಟ್ಟಿಲನ್ನು ಹಿತ್ತಾಳೆಯ ತಗಡಿನ ಚೂರಿನಿಂದ ಮಡಿಸಿ ಮಾಡಿದೆ. ಎದುರಿನ ಬದಿಯದೂ ಅದಕ್ಕೆ ಹೊಂದಬೇಕಲ್ಲ ಎಂದು ಅದನ್ನೂ ಕಿತ್ತು ಹಿತ್ತಾಳೆಯದನ್ನೇ ಇಟ್ಟೆ. ಇನ್ನೊಂದು ತಪ್ಪನ್ನು ಮಾತ್ರ ಸುಲಭವಾಗಿ ತಿದ್ದಿಕೊಳ್ಳಲು ಸಾಧ್ಯವಾಯಿತು. ಬಲಬದಿಯ ನೀರಿನ ಟ್ಯಾಂಕು ಎಡಬದಿಯದಕ್ಕಿಂತ 1 ಮಿ.ಮೀ. ಹಿಂದೆ ಕುಳಿತಿರುವುದು ಮರುದಿನ ಕಣ್ಣಿಗೆ ಬಿತ್ತು. 70 ಡಿಗ್ರಿಯ ಸೋಲ್ಡರಿನ ದೊಡ್ಡ ಗುಣವೇ ಇದು: ಮೇಲ್ಭಾಗವನ್ನು ಹಾಗೆಯೇ ಪಾತ್ರೆಯಲ್ಲಿಟ್ಟು ಕುದಿಯುವ ನೀರು ಸುರಿದೆ, ಬೆಸುಗೆಗಳೆಲ್ಲ ಬಿಟ್ಟುಕೊಂಡು ಬಿಡಿಭಾಗಗಳು ತಳಕ್ಕೆ ಕುಳಿತವು, ಲೋಹಕ್ಕೆ ಏನೂ ಆಗಲಿಲ್ಲ. ಸರಿಯಿದ್ದ ಬೆಸುಗೆಗಳೂ ಬಿಟ್ಟಿದ್ದರಿಂದ ಎರಡು ಸಂಜೆಗಳ ಕೆಲಸವನ್ನು ಮತ್ತೆ ಮಾಡಬೇಕಾಯಿತು, ಆದರೆ ಆ ಎರಡನೆಯ ಸಲದ ಜೋಡಣೆ ಮೊದಲನೆಯದಕ್ಕಿಂತ ಅಚ್ಚುಕಟ್ಟಾಗಿತ್ತು.

4ಎಫ್‌ನ ವಿಷಯ ಬೇರೆ. ಅದರ ತಗಡುಗಳನ್ನು ಎರಡೂ ಮುಖಗಳಿಂದ ರಾಸಾಯನಿಕದಲ್ಲಿ ಕೊರೆದಿರುತ್ತಾರೆ. ಒಂದೇ ಮುಖದಿಂದ ಅರ್ಧ ದಪ್ಪದವರೆಗೆ ಕೊರೆದ ಗೆರೆ ಎಲ್ಲಿದೆಯೋ ಅಲ್ಲಿ ಮಡಿಸಬೇಕು, ಮತ್ತು ಆ ಗೆರೆ ಮಡಿಕೆಯ ಒಳಗೇ ಉಳಿಯಬೇಕು. ಒಮ್ಮೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರೆ ಮುರಿಯುತ್ತದೆ ಎಂದೇ ತಿಳಿಯಬೇಕು. ಮಡಿಸಿದ ಕೂಡಲೇ ಗೆರೆಯ ಉದ್ದಕ್ಕೂ ಸೋಲ್ಡರ್ ತುಂಬಿದರೆ ಮೂಲೆ ಗಟ್ಟಿಯಾಗುತ್ತದೆ. ಇಷ್ಟು ಒಳ್ಳೆಯ ಕಿಟ್ಟಿನಲ್ಲೂ ಒಂದು ತಗಡು ರಾಸಾಯನಿಕದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದಿರಬೇಕು; ಚಕ್ರಗಳ ಮೇಲೆ ಉದ್ದಕ್ಕೂ ಹಾಸುವ ಹಲಗೆಯಾದ ಫುಟ್‌ಪ್ಲೇಟಿನ ಅಡಿಯ ಪಟ್ಟಿಯ ಗೆರೆ ಹೆಚ್ಚುಕಡಿಮೆ ಆರಪಾರವಾಗಿ, ಕೈಯಲ್ಲಿ ಎತ್ತಿದರೇ ಬಾಗುತ್ತಿತ್ತು. ಅದನ್ನು ಮಡಿಸುವ ಗೋಜಿಗೆ ಹೋಗದೆ ಪೂರ್ತಿ ಕತ್ತರಿಸಿ, ಪಟ್ಟಿಯನ್ನು ಬೇರೆಯಾಗಿ ಬೆಸೆದೆ. ಬಾಯ್ಲರಿನ ತಗಡನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ತಣಿಸಿ ಮೆದುಮಾಡಿ, ದಪ್ಪ ರಬ್ಬರ್ ಹಾಸಿನ ಮೇಲಿಟ್ಟು ಉಕ್ಕಿನ ಸರಳನ್ನು ಒತ್ತಿ ಉರುಳಿಸುತ್ತಾ ಸುತ್ತಿದೆ. ಬೇಕಾದ ವ್ಯಾಸಕ್ಕಿಂತ ಕೊಂಚ ಸಣ್ಣದಾದ ಸರಳನ್ನೇ ಆರಿಸಬೇಕು, ಏಕೆಂದರೆ ಕೈ ಬಿಟ್ಟಾಗ ತಗಡು ಸ್ವಲ್ಪ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಹೊಲಿಗೆಯಂತಹ ಜೋಡಣೆ ಅಡಿಭಾಗಕ್ಕೆ ಬರುವುದರಿಂದ ಅಲ್ಲಿನ ಸೋಲ್ಡರ್ ಸ್ವಲ್ಪ ಒರಟಾಗಿದ್ದರೂ ಯಾರೂ ನೋಡುವುದಿಲ್ಲ.

ರಾಡ್‌ಗಳು ಎರಡು ಪದರಗಳವು. ಪದರಗಳನ್ನು ಒಂದರ ಮೇಲೊಂದು ಇಟ್ಟು, ಪಿನ್ನಿನ ರಂಧ್ರಗಳಲ್ಲಿ ಮೊನೆ ಮಾಡಿದ ಕಟ್ಟಿಗೆಯ ಕಡ್ಡಿ ತೂರಿಸಿದರೆ ಸಾಕು; ಕಟ್ಟಿಗೆಗೆ ಸೋಲ್ಡರ್ ಅಂಟುವುದಿಲ್ಲ, ರಂಧ್ರಗಳು ಗೆರೆ ಹಿಡಿದಂತೆ ಹೊಂದುತ್ತವೆ. ಮುಂದಿನ ಹೆಜ್ಜೆಯಲ್ಲಿ, ರಾಡ್ ಜಾರಿ ಬೀಳದಂತೆ ಕ್ರ್ಯಾಂಕ್ ಪಿನ್ನಿನ ತುದಿಗೆ ವಾಷರ್ ಬೆಸೆಯುವಾಗ, ಎಣ್ಣೆಯಲ್ಲಿ ಅದ್ದಿದ ತೆಳು ಕಾಗದವನ್ನು ರಾಡ್‌ಗೂ ವಾಷರ್‌ಗೂ ನಡುವೆ ಇಡಬೇಕು. ಐದು ಪಿನ್ನುಗಳಿಗೆ ಇಟ್ಟೆ. ಆರನೆಯದಕ್ಕೆ, ಇದೊಂದೇ ಉಳಿದಿದೆಯಲ್ಲ ಎಂಬ ಆತುರದಲ್ಲಿ, ಇಡಲಿಲ್ಲ. ಫ್ಲಕ್ಸ್ ಹರಿದ ಕಡೆಗೆಲ್ಲ ಸೋಲ್ಡರ್ ಹರಿದು ರಾಡ್, ಪಿನ್, ವಾಷರ್ ಮೂರೂ ಒಂದೇ ತುಂಡಾದವು.

ಚಕ್ರಗಳನ್ನು ಕೂರಿಸುವಾಗ ಒಂದು ಬದಿಯ ಪಿನ್ನುಗಳು ಇನ್ನೊಂದು ಬದಿಯವಕ್ಕಿಂತ ಕಾಲು ಸುತ್ತು ಮುಂದಿರಬೇಕು. ಜಿಂಟಿಯ ಚಕ್ರಗಳಿಗೆ ಚೌಕ ತುದಿಯ ಆ್ಯಕ್ಸಲ್ ಇದ್ದುದರಿಂದ ಆ ಚಿಂತೆ ಇರಲಿಲ್ಲ. 4ಎಫ್‌ನವು ಒತ್ತಿ ಕೂರಿಸುವ ಬಗೆಯವು, ಚಕ್ರದ ಕಡ್ಡಿಗಳ (ಸ್ಪೋಕ್) ಸಾಲನ್ನು ಕಣ್ಣಳತೆಯಲ್ಲಿ ನೋಡಿ ತಿರುಗಿಸಬೇಕು. ಕೋನ ಕರಾರುವಾಕ್ಕಾಗಿ 90 ಡಿಗ್ರಿಯೇ ಆಗಬೇಕೆಂದಿಲ್ಲ. 88 ಆದರೂ ನಡೆಯುತ್ತದೆ, ಆದರೆ ಮೂರು ಆ್ಯಕ್ಸಲ್‌ಗಳಲ್ಲೂ ಅದೇ 88 ಇರಬೇಕು. ಮೊದಲು ಹಿಂದಿನ ಎರಡು ಆ್ಯಕ್ಸಲ್‌ಗಳಿಗೆ ಮಾತ್ರ ರಾಡ್ ತೊಡಿಸಿ, ಓರೆಯಾಗಿಟ್ಟ ಗಾಜಿನ ಮೇಲೆ ಬಿಟ್ಟು, ತಡೆಯಿಲ್ಲದೆ ಉರುಳುವವರೆಗೆ ತಿದ್ದಿ, ಆಮೇಲಷ್ಟೇ ಮುಂದಿನದನ್ನು ಸೇರಿಸಿದೆ. ಮೋಟಾರು ಹಾಕಿದ ಮೇಲೆ ಹುಡುಕಿದರೆ ದೋಷ ರಾಡಿನದೋ ಗೇರಿನದೋ ತಿಳಿಯುವುದೇ ಇಲ್ಲ.

ಗೇರಿನ ಆಯ್ಕೆಗೆ ಸ್ವಲ್ಪ ಗಣಿತ ಸಾಕು. 21 ಮಿ.ಮೀ. ಚಕ್ರದ ಸುತ್ತಳತೆ ಸುಮಾರು 66 ಮಿ.ಮೀ. ಮೋಟಾರು 12 ವೋಲ್ಟ್‌ನಲ್ಲಿ ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, 40:1ರ ಗೇರಿನಲ್ಲಿ ಮಾದರಿಯ ವೇಗ ಮೂಲದ ಲೆಕ್ಕದಲ್ಲಿ ಗಂಟೆಗೆ 90 ಕಿ.ಮೀ., 54:1ರಲ್ಲಿ 67 ಕಿ.ಮೀ. ಕಲ್ಲಿದ್ದಲಿನ ವ್ಯಾಗನ್ ಎಳೆಯುವ ಎಂಜಿನ್ನಿಗೆ ಎರಡನೆಯದೇ ಧಾರಾಳ, ಮೇಲಾಗಿ ನಿಧಾನಗತಿಯ ಹಿಡಿತ ಅದರಲ್ಲಿ ಚೆನ್ನಾಗಿರುತ್ತದೆ. ಎರಡೂ ಎಂಜಿನ್‌ಗಳಿಗೆ 54:1 ಹಾಕಿದೆ. ಚಕ್ರದ ಅಂಚಿನಿಂದ ವಿದ್ಯುತ್ ಎತ್ತಿಕೊಳ್ಳಲು 0.33 ಮಿ.ಮೀ. ಫಾಸ್ಫರ್ ಬ್ರಾಂಜ್ ತಂತಿ. 4ಎಫ್‌ನ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿಯಾದ ಟೆಂಡರ್ ಎರಡೇ ದಿನಗಳಲ್ಲಿ ಮುಗಿಯಿತು, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಒಳ್ಳೆಯ ಕಿಟ್ ಎಂದರೆ ಹಾಗೆಯೇ.

ತೂಕದ ಮಾತು ಮಾತ್ರ ಉಳಿದಿತ್ತು. ಜಿಂಟಿ ಎರಕದ ಲೋಹದ್ದಾದ್ದರಿಂದ ತಾನಾಗಿಯೇ ಭಾರ. 4ಎಫ್‌ನ ಬಾಯ್ಲರ್ ಟೊಳ್ಳು, ಅದರಲ್ಲಿ ಸೀಸ ತುಂಬಬೇಕು. ಹಲವು ವರ್ಷಗಳ ಹಿಂದೆ ಇನ್ನೊಂದು ಟ್ಯಾಂಕ್ ಎಂಜಿನ್ನಿನಲ್ಲಿ ಸೀಸದ ಗುಂಡುಗಳನ್ನು ಮರಕ್ಕೆ ಹಚ್ಚುವ ಬಿಳಿಯ ಅಂಟಿನಲ್ಲಿ ಕೂರಿಸಿದ್ದೆ. ಆ ಅಂಟು ಸೀಸವನ್ನು ನಿಧಾನವಾಗಿ ಬಿಳಿಯ ಪುಡಿಯಾಗಿಸುತ್ತದೆ, ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಒಂದು ದಿನ ಗಾಜಿನ ಪೆಟ್ಟಿಗೆಯಿಂದ ತೆಗೆದಾಗ ಟ್ಯಾಂಕಿನ ಎರಡೂ ಬದಿಗಳು ಹೊಟ್ಟೆ ಬಿಟ್ಟು, ಮೂಲೆಯ ಬೆಸುಗೆ ಸೀಳಿತ್ತು. ಈ ಬಾರಿ ಸೀಸದ ಹಾಳೆಯನ್ನು ಸುರುಳಿ ಸುತ್ತಿ, ಎಪಾಕ್ಸಿ ಅಂಟಿನಲ್ಲಿ ಕೂರಿಸಿದೆ.

ಎರಡೂ ಎಂಜಿನ್‌ಗಳನ್ನು ತೊಳೆದು, ಒಣಗಿಸಿ, ಬಣ್ಣ ಬಳಿಯುವ ಮೊದಲು ಹಳಿಯ ಮೇಲಿಟ್ಟೆ. ಕೆಟ್ಟ ಕಿಟ್ಟಿನದು ಮೊದಲು. ಜಿಂಟಿ ಎರಡು ವೋಲ್ಟ್‌ಗೇ ಸದ್ದಿಲ್ಲದೆ ಹೊರಟು, ತಿರುವಿನ ಕೊನೆಯವರೆಗೂ ಒಂದೇ ಸಮನಾಗಿ ಹೋಯಿತು. 4ಎಫ್ ನೇರ ಹಳಿಯಲ್ಲಿ ಚೆನ್ನಾಗಿ ಓಡಿ, ತಿರುವಿಗೆ ಬಂದಾಗಲೆಲ್ಲ ಸತ್ತಂತೆ ನಿಲ್ಲುತ್ತಿತ್ತು; ನಿಯಂತ್ರಕದಲ್ಲಿ ಶಾರ್ಟ್ ಸರ್ಕ್ಯೂಟಿನ ದೀಪ ಹೊತ್ತುತ್ತಿತ್ತು. ತಗಡಿನ ಅಳತೆಯಲ್ಲಿ ಏನೋ ತಪ್ಪಿದೆ ಎಂದು ಕಿಟ್ಟನ್ನೇ ಒಂದು ಗಂಟೆ ಬೈದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದೀಪ ಆರಿಸಿ, ಕತ್ತಲಲ್ಲಿ ಎಂಜಿನ್ನನ್ನು ತಿರುವಿನ ಮೇಲೆ ಕೈಯಿಂದ ತಳ್ಳಿದಾಗ ಮುಂದಿನ ಚಕ್ರಗಳ ಮೇಲಿನ ಎರಡೂ ಕವಚಗಳೊಳಗೆ ನೀಲಿ ಕಿಡಿಗಳು ಹಾರಿದವು. ಕವಚಗಳನ್ನು ಬೆಸೆಯುವಾಗ ನಾನು ಧಾರಾಳವಾಗಿ ಸುರಿದಿದ್ದ ಸೋಲ್ಡರ್ ಒಳಮೂಲೆಗಳಲ್ಲಿ ಗುಡ್ಡೆ ಕಟ್ಟಿ, ಚಕ್ರ ಪಕ್ಕಕ್ಕೆ ಸರಿದಾಗ ಅಂಚಿಗೆ ತಾಗುತ್ತಿತ್ತು. ಎರಡೂ ಬದಿಯ ವಿದ್ಯುತ್ತು ಎಂಜಿನ್ನಿನ ಮೈಯಲ್ಲಿಯೇ ಸೇರುತ್ತಿತ್ತು. ಗುಡ್ಡೆಗಳನ್ನು ಕೆರೆದು ತೆಗೆದು, ಉಳಿದ ಜಾಗಕ್ಕೆ ತೆಳು ಕಾಗದವನ್ನು ವಾರ್ನಿಷ್‌ನಲ್ಲಿ ಅಂಟಿಸಿದೆ. ವಾರ್ನಿಷ್ ಒಣಗಿದ ಮೇಲೆ 4ಎಫ್ ಅದೇ ತಿರುವನ್ನು ನಿಲ್ಲದೆ ಹತ್ತು ಸಲ ದಾಟಿತು.